ಮುಚ್ಚಿದ್ದ ಶಾಲೆ ಮತ್ತೆ ತೆರೆದಾಗ: ಪ್ರಾಥಮಿಕ ಶಾಲೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಬಾಗಿಲು ತೆರೆದ ದಿನವೇ ಪಾಠ ಶುರು ಮಾಡಬೇಡಿ. ಮುಂದೆ ಬರುವ ಎಲ್ಲಾ ಹಂತಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಕೋವಿಡ್‌ನಿಂದ ಮುಚ್ಚಿದ್ದ 1ರಿಂದ 5ನೇ ತರಗತಿಗಳು 2021ರ ಅಕ್ಟೋಬರ್ 25ರಂದು ಕರ್ನಾಟಕದಲ್ಲಿ ಮತ್ತೆ ಶುರುವಾದಾಗ ಬಹಳ ಶಾಲೆಗಳು ಎಡವಿದ್ದು ಇಲ್ಲೇ. ‘ಆಗಲೇ ತಡವಾಗಿದೆ, ಸಿಲೆಬಸ್ ಮುಗೀಬೇಕು’ ಅಂತ ಮೂರನೇ ತರಗತಿಯವರ ಕೈಗೆ ಮೂರನೇ ತರಗತಿಯ ಪುಸ್ತಕ ಕೊಟ್ಟು ಮೊದಲ ಪಾಠ ತೆಗೆಸಿದರು. ಆ ಮಕ್ಕಳು ಅದಕ್ಕೂ ಮೊದಲು ತರಗತಿಯೊಳಗೆ ಕೂತಿದ್ದು 2020ರ ಮಾರ್ಚ್‌ನಲ್ಲಿ. ಆಗ ಅವರದು ಒಂದನೇ ತರಗತಿಯೂ ಪೂರ್ತಿ ಮುಗಿದಿರಲಿಲ್ಲ. ಎರಡನೇ ತರಗತಿಯವರ ಕಥೆ ಇನ್ನೂ ವಿಚಿತ್ರ. ಅವರು ಶಾಲೆಯ ಕೋಣೆಯಲ್ಲಿ ಪಾಠಕ್ಕೆ ಅಂತ ಕೂತಿದ್ದೇ ಅವತ್ತು ಮೊದಲು. ನಡುವೆ ಕೆಲವು ತಿಂಗಳು ವಿದ್ಯಾಗಮ (ಟೀಚರ್‌ಗಳೇ ಮಕ್ಕಳಿರುವ ಕಡೆ ಹೋಗಿ ಪಾಠ ಮಾಡುವ ಕಾರ್ಯಕ್ರಮ) ನಡೆದಿತ್ತು, ಚಂದನ ಟಿವಿಯಲ್ಲಿ ಪಾಠ ಬಂದಿತ್ತು, ವಾಟ್ಸಾಪ್‌ನಲ್ಲಿ ಹೋಮ್‌ವರ್ಕ್ ಬಂದಿತ್ತು. ಅದೆಲ್ಲ ಎಷ್ಟು ಮಕ್ಕಳ ತಲೆಗೆ ಹೋಯಿತು ಅಂತ ಆ ಶಾಲೆಗಳಲ್ಲಿ ಯಾರೂ ಕೂತು ನೋಡಿರಲಿಲ್ಲ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ 5 ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದ್ದರು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಶೇ 92ರಷ್ಟು ಮಕ್ಕಳು ಕಳೆದುಕೊಂಡಿದ್ದರು. ಗಣಿತದಲ್ಲಿ ಇದು ಶೇ 82. ಹೊಸದನ್ನು ಕಲಿಯದೆ ಉಳಿದದ್ದು ಒಂದು ಕಡೆ, ಬರುತ್ತಿದ್ದದ್ದೂ ಮರೆತುಹೋದದ್ದು ಇನ್ನೊಂದು ಕಡೆ. ಹಾಗಾಗಿ ‘ನಿಲ್ಲಿಸಿದ ಜಾಗದಿಂದ ಮುಂದುವರಿಸೋಣ’ ಅನ್ನುವ ಲೆಕ್ಕಾಚಾರವೂ ಸರಿಹೋಗುವುದಿಲ್ಲ.

ಕೋವಿಡ್ ಮುಗಿದ ಮೇಲೆ ಇದೆಲ್ಲ ಯಾಕೆ ಬೇಕು ಅಂದರೆ, ಶಾಲೆ ಮುಚ್ಚುವುದೇನೂ ನಿಂತಿಲ್ಲ. 2024ರ ನವೆಂಬರ್‌ನಲ್ಲಿ ದೆಹಲಿಯ ಶಾಲೆಗಳು ಹೊಗೆಯ ಕಾಟಕ್ಕೆ ಮತ್ತೆ ಆನ್‌ಲೈನ್‌ಗೆ ಹೋದವು. ನಮ್ಮಲ್ಲಿ ನೆರೆ ಬಂದರೆ ಶಾಲೆಯೇ ಸಂತ್ರಸ್ತರ ಕಾಳಜಿ ಕೇಂದ್ರವಾಗುತ್ತದೆ. ಕಟ್ಟಡ ಶಿಥಿಲ ಅಂತ ಬೀಗ ಬಿದ್ದರೆ ತಿಂಗಳುಗಟ್ಟಲೆ ಪಾಠ ಅಲ್ಲಿ ಇಲ್ಲಿ ನಡೆಯುತ್ತದೆ. ವಾರ, ಎರಡು ವಾರದ ರಜೆಗೆ ಇಷ್ಟೆಲ್ಲ ಬೇಡ. ಎರಡು ತಿಂಗಳು ದಾಟಿತು ಅಂದರೆ ಬೇಕು.

ಕೈಗೆ ಬೇಕಾದ ಸಾಮಾನು

ದುಡ್ಡು ಹಾಕಿ ತರುವಂಥದ್ದು ಕಡಿಮೆ. ಮುಚ್ಚುವ ಮೊದಲಿನ ಹಾಜರಿ ಪುಸ್ತಕ, ಸ್ಯಾಟ್ಸ್‌ನಿಂದ (ಮಕ್ಕಳ ವಿವರ ಇರುವ ಇಲಾಖೆಯ ಆನ್‌ಲೈನ್ ದಾಖಲೆ) ತೆಗೆದ ಈಗಿನ ದಾಖಲಾತಿ ಪಟ್ಟಿ, ಅಂಗನವಾಡಿಯ ಮಕ್ಕಳ ಪಟ್ಟಿ. ಹಿಂದಿನ ಎರಡು ತರಗತಿಗಳ ಹಳೇ ಪಠ್ಯಪುಸ್ತಕ. ಹುಣಸೆ ಬೀಜ ಒಂದು ಡಬ್ಬಿ, ಹತ್ತು ಹತ್ತರಂತೆ ಕಟ್ಟಿದ ಕಡ್ಡಿ ಕಟ್ಟು, ಬಿಡಿ ಕಡ್ಡಿ, ಸ್ಲೇಟು. ಬ್ಲೀಚಿಂಗ್ ಪೌಡರ್, ಸೋಪು, ಹೊಸ ಬಕೆಟ್ಟು. ಮತ್ತೆ ಹೆಡ್‌ಮಾಸ್ತರ ಹತ್ತಿರ ಒಂದು ದಪ್ಪ ನೋಟ್‌ಬುಕ್, ಮಗುವಿಗೆ ಒಂದು ಪುಟದಂತೆ. ಮುಂದಿನ ಹಂತಗಳಲ್ಲಿ ಸಿಗುವ ಮಾಹಿತಿಯೆಲ್ಲ ಆ ಪುಟಕ್ಕೇ ಹೋಗಬೇಕು. ಮೊಬೈಲಿನಲ್ಲಿ ಬರೆದಿಟ್ಟುಕೊಂಡರೆ ಸಾಕಲ್ವಾ ಅನ್ನಬೇಡಿ. ಟೀಚರ್ ವರ್ಗವಾದರೆ ಮೊಬೈಲೂ ಅವರ ಜೊತೆ ಹೋಗುತ್ತದೆ.

ಹಂತ 1: ಹೆಸರು ಹುಡುಕಿ (ತೆರೆಯುವ ಎರಡು ವಾರ ಮೊದಲು)

ಮೂರೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಹೆಸರು ತಾಳೆ ನೋಡಿ. ಹಾಜರಿ ಪುಸ್ತಕದಲ್ಲಿದ್ದು ಈಗ ಇಲ್ಲದವರು ಬೇಗ ಕಣ್ಣಿಗೆ ಬೀಳುತ್ತಾರೆ. ತಪ್ಪಿಹೋಗುವವರು ಬೇರೆ. ಶಾಲೆ ಮುಚ್ಚಿದ್ದಾಗ ಆರು ವರ್ಷ ತುಂಬಿ, ಎಲ್ಲೂ ಸೇರದೆ ಉಳಿದ ಮಕ್ಕಳು ಶಾಲೆಯ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅವರು ಸಿಗುವುದು ಅಂಗನವಾಡಿ ಪಟ್ಟಿಯಲ್ಲಿ ಮಾತ್ರ.

ಆಮೇಲೆ ಮನೆ ಮನೆಗೆ ಹೋಗಿ. ಬೆಳಗ್ಗೆ ಏಳಕ್ಕೆ ಮೊದಲು, ಇಲ್ಲವೇ ಸಂಜೆ ಆರರ ಮೇಲೆ. ಮಧ್ಯಾಹ್ನ ಹೋದರೆ ಬೀಗ ನೋಡಿ ಬರುತ್ತೀರಿ. ಒಬ್ಬ ಟೀಚರ್, ಒಬ್ಬ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಆ ಓಣಿಯ ಪರಿಚಯ ಇರುವ ಒಬ್ಬರು, ಇಷ್ಟು ಜನ ಸಾಕು. ಪ್ರತಿ ಹೆಸರಿನ ಮುಂದೆ ಒಂದು ಗುರುತು ಹಾಕಿ: ಊರಲ್ಲೇ ಇದ್ದಾರೆ, ಗುಳೆ ಹೋಗಿದ್ದಾರೆ, ಬೇರೆ ಶಾಲೆ ಸೇರಿದ್ದಾರೆ, ಊರಲ್ಲಿದ್ದರೂ ಬರುವ ಹಾಗಿಲ್ಲ. ಈ ಕೊನೇ ಗುರುತಿನವರ ಮನೆಯಲ್ಲಿ ಜಾಸ್ತಿ ಹೊತ್ತು ಕೂರಿ.

ರಾಯಚೂರು, ಯಾದಗಿರಿ ಕಡೆ ಅಕ್ಟೋಬರ್ ಮುಗಿಯುವ ಹೊತ್ತಿಗೆ ಹತ್ತಿ ಬಿಡಿಸುವ ಕೆಲಸ ಜೋರಾಗಿರುತ್ತದೆ. ಬಾಗಿಲಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

‘ಅಕ್ಕಾರ, ಸೋಮವಾರದಿಂದ ಸಾಲಿ ಚಾಲೂ ಆಗತೈತ್ರೀ. ಮಗಳನ್ನ ಕಳಸ್ರಿ.’

‘ಕಳಸ್ತೀನ್ರೀ ಸರ, ಹತ್ತಿ ಬಿಡಸೋದು ಮುಗೀಲಿ. ನಾ ಹೊಲಕ್ಕ ಹೋದ್ರ ಸಣ್ಣದನ್ನ ಹಿಡ್ಕೊಳ್ಳೋರು ಯಾರೂ ಇಲ್ರೀ.’

ಈ ತಾಯಿಗೆ ಓದಿನ ಮಹತ್ವದ ಮೇಲೆ ಭಾಷಣ ಕೊಟ್ಟು ಏನೂ ಪ್ರಯೋಜನ ಇಲ್ಲ. ಅವರಿಗೆ ಬೇಕಿರುವುದು ಸಣ್ಣ ಕೂಸನ್ನು ಬಿಡಲು ಒಂದು ಜಾಗ. 2021ರಲ್ಲಿ ಅಂಗನವಾಡಿಗಳು ತೆರೆದದ್ದು ನವೆಂಬರ್ 8ಕ್ಕೆ, ಪ್ರಾಥಮಿಕ ತರಗತಿಗಳು ಶುರುವಾಗಿ ಎರಡು ವಾರ ಆದ ಮೇಲೆ. ಆ ಎರಡು ವಾರ ಮನೆಯ ದೊಡ್ಡ ಹುಡುಗಿಯೇ ಅಂಗನವಾಡಿ. ಅದಕ್ಕೇ ಹೇಳುವುದು, ಮನೆ ಭೇಟಿಗೆ ಹೊರಡುವ ಮೊದಲು ಅಂಗನವಾಡಿ ಕಾರ್ಯಕರ್ತೆ ಜೊತೆ ಮಾತಾಡಿ ತೆರೆಯುವ ದಿನ, ಸಮಯ ಹೊಂದಿಸಿಕೊಳ್ಳಿ. ಅಷ್ಟಾದರೆ ಬಾಗಿಲಲ್ಲಿ ಹೇಳಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ.

ಗುಳೆ ಹೋದವರ ನಂಬರು ಸಿಕ್ಕರೆ ಫೋನ್ ಮಾಡಿ, ಎಲ್ಲಿದ್ದಾರೆ ಕೇಳಿ, ಅಲ್ಲೇ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಲು ಹೇಳಿ. ಟಿಸಿ ಇಲ್ಲ ಅಂತ ಯಾವ ಸರ್ಕಾರಿ ಶಾಲೆಯೂ ವಾಪಸ್ ಕಳಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಫೀ ಬಾಕಿ ಇದೆ ಅಂತ ಖಾಸಗಿ ಶಾಲೆ ಟಿಸಿ ತಡೆಹಿಡಿದ ಮಕ್ಕಳಿಗೂ ಇದೇ ಮಾತು. ಮೊದಲು ಕೂರಿಸಿ, ಕಾಗದ ಹಿಂದೆ ಬರಲಿ.

ಇಲ್ಲಿ ಆಗುವ ತಪ್ಪು: ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿ ಎಲ್ಲರಿಗೂ ತಿಳಿಸಿಬಿಟ್ಟೆವು ಅಂದುಕೊಳ್ಳುವುದು. ಗ್ರೂಪಿನಲ್ಲಿ ಇಲ್ಲದವರ ಮಕ್ಕಳೇ ಶಾಲೆಯಿಂದ ದೂರ ಹೋಗಿರುವುದು.

ಹಂತ 2: ಕಟ್ಟಡ, ನೀರು, ಶೌಚಾಲಯ, ಅಡುಗೆಮನೆ

ಯಾವ ಕೆಲಸಕ್ಕೆ ಬೇರೆಯವರನ್ನು ಕಾಯಬೇಕೋ ಅದನ್ನು ಮೊದಲು ಹಿಡಿಯಿರಿ. ಕಸ ಗುಡಿಸುವುದು ಹಿಂದಿನ ದಿನ ಮಾಡಿದರೂ ನಡೆಯುತ್ತದೆ. ಪಂಚಾಯಿತಿಯಿಂದ ನಲ್ಲಿ ರಿಪೇರಿ, ವೈರಿಂಗ್, ತುಂಬಿದ ಶೌಚದ ಗುಂಡಿ ಇವಕ್ಕೆಲ್ಲ ದಿನ ಹಿಡಿಯುತ್ತದೆ. ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ನೀರಿನ ಟ್ಯಾಂಕಿಗೆ ಒಂದು ಕ್ರಮ ಇದೆ. ಹಳೇ ನೀರು ಪೂರ್ತಿ ಬಿಡಬೇಕು, ಒಳಗೆ ಉಜ್ಜಬೇಕು, ತೊಳೆದ ನೀರನ್ನೂ ಹೊರಗೆ ಹಾಕಬೇಕು. ಆಮೇಲೆ ತುಂಬಿಸಿ ಬ್ಲೀಚಿಂಗ್ ಪೌಡರ್ ಹಾಕುವುದು. ಎಷ್ಟು ಲೀಟರಿಗೆ ಎಷ್ಟು ಅಂತ ನೀರಗಂಟಿಯನ್ನೋ ಆರೋಗ್ಯ ಕೇಂದ್ರದವರನ್ನೋ ಕೇಳಿಯೇ ಹಾಕಿ, ಕಣ್ಣಂದಾಜು ಬೇಡ. ಕೊನೆಗೆ ಎಲ್ಲಾ ನಲ್ಲಿಗಳನ್ನೂ ತೆರೆದು ಪೈಪಿನಲ್ಲಿ ನಿಂತಿದ್ದ ನೀರು ಹರಿದುಹೋಗಲು ಬಿಡಬೇಕು. ಟ್ಯಾಂಕ್ ತೊಳೆದವರೂ ಈ ಕೊನೆಯದನ್ನು ಮರೆಯುತ್ತಾರೆ. ತಿಂಗಳುಗಟ್ಟಲೆ ಪೈಪಿನಲ್ಲಿ ಕೊಳೆತ ನೀರನ್ನೇ ಮಗು ಮೊದಲು ಬೊಗಸೆ ಹಿಡಿದು ಕುಡಿಯುವುದು.

ಕೋಣೆಯೊಳಗೆ ಹೋಗುವಾಗ ಕೋಲು ಇರಲಿ. ಬೀರು ಹಿಂದೆ, ಪೇರಿಸಿಟ್ಟ ಡೆಸ್ಕಿನ ಸಂದಿಯಲ್ಲಿ ಹಾವು, ಚೇಳು ಸೇರಿರುತ್ತವೆ. ಕಣಜದ ಗೂಡು ಕಂಡರೆ ಮಕ್ಕಳಿಲ್ಲದ ಹೊತ್ತಲ್ಲಿ ತೆಗೆಸಿ. ನಲಿ-ಕಲಿ (ಚಿಕ್ಕ ತರಗತಿಯವರು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ಕಾರ್ಡುಗಳ ಪೆಟ್ಟಿಗೆಯನ್ನು ಅವತ್ತೇ ಬಿಚ್ಚಿ ನೋಡಿ. ಗೆದ್ದಲು ತಿಂದಿದ್ದರೆ ಯಾವ ಮೈಲಿಗಲ್ಲಿನ (ಕಲಿಕೆಯ ಹಂತದ) ಕಾರ್ಡು ಹೋಗಿದೆ ಅಂತ ಬರೆದು ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಕೊಡಿ. ಈ ಕೆಲಸಗಳಿಗೆ ಮಕ್ಕಳನ್ನು ಕರೆಯಬೇಡಿ, ಶೌಚಾಲಯಕ್ಕಂತೂ ಖಂಡಿತ ಬೇಡ.

ಅಡುಗೆಮನೆಗೆ ಅಡುಗೆಯವರ ಜೊತೆಯೇ ಹೋಗಿ. ಗ್ಯಾಸ್ ಪೈಪು ಬಿರುಕು ಬಿಟ್ಟಿದೆಯಾ, ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾಗಿದೆಯಾ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಉಳಿದ ಹಳೇ ಅಕ್ಕಿ, ಬೇಳೆಯನ್ನು ಹೊಸದಕ್ಕೆ ಬೆರೆಸಬೇಡಿ. ಹುಳ ಹಿಡಿದಿದ್ದು, ಮುಗ್ಗಲು ವಾಸನೆ ಬಂದಿದ್ದು ಬೇರೆ ಇಟ್ಟು ಅಕ್ಷರ ದಾಸೋಹದ (ಬಿಸಿಯೂಟದ) ಅಧಿಕಾರಿಗೆ ಬರೆದು ತಿಳಿಸಿ. 1ರಿಂದ 5ರ ಮಗುವಿಗೆ ದಿನಕ್ಕೆ 100 ಗ್ರಾಂ, 6ರಿಂದ 8ಕ್ಕೆ 150 ಗ್ರಾಂ ಅಕ್ಕಿಯ ಲೆಕ್ಕ. ಮೊದಲ ದಿನ ಎಷ್ಟು ಮಕ್ಕಳು ಬರಬಹುದು ಅನ್ನುವುದು ಹಂತ 1ರ ಪಟ್ಟಿಯಿಂದಲೇ ಗೊತ್ತಾಗುತ್ತದೆ. ತೆರೆಯುವ ಮುನ್ನಾ ದಿನ ಒಂದು ಸಲ ಸಣ್ಣ ಪ್ರಮಾಣದಲ್ಲಿ ಒಲೆ ಹಚ್ಚಿ ಅನ್ನ ಮಾಡಿ ನೋಡಿ.

ಹಂತ 3: ಪೋಷಕರ ಸಭೆ

ಚಿಕ್ಕದಾಗಿ ಮುಗಿಸಿ. ಸಂಜೆ ಹೊತ್ತು, ಜನ ಹೇಗೂ ಸೇರುವ ಕಡೆ, ಅರಳಿಕಟ್ಟೆಯೋ ಸಮುದಾಯ ಭವನವೋ. ಮೂರು ವಿಷಯ ಹೇಳಿದರೆ ಸಾಕು: ಯಾವ ದಿನ ಎಷ್ಟು ಗಂಟೆಗೆ, ಊಟ ಉಂಟಾ ಇಲ್ವಾ, ಮತ್ತೆ ಮೊದಲ ಕೆಲವು ವಾರ ಪುಸ್ತಕದ ಪಾಠ ನಡೆಯುವುದಿಲ್ಲ, ಯಾಕೆ ಅಂತ. ಈ ಮೂರನೆಯದನ್ನು ಬಿಟ್ಟರೆ ಹತ್ತೇ ದಿನದಲ್ಲಿ ಗೇಟಿನ ಹತ್ತಿರ ಬಂದು ಕೇಳುತ್ತಾರೆ: ‘ಏನ್ ಮೇಷ್ಟ್ರೆ, ಮಕ್ಳು ಬರೀ ಆಟ ಆಡ್ಕೊಂಡು ಬರ್ತಾವಲ್ಲ?’

ಕಾಯಿಲೆಯ ಕಾರಣಕ್ಕೆ ಮುಚ್ಚಿದ್ದಾದರೆ, ಜ್ವರ ಇದ್ದರೆ ಕಳಿಸಬೇಡಿ ಅಂತ ಹೇಳಿ. ಜೊತೆಗೇ, ಅದಕ್ಕೆ ಗೈರುಹಾಜರಿ ಅಂತ ಬೈಯುವುದಿಲ್ಲ ಅಂತಲೂ ಹೇಳಿ. ಎರಡನೆಯದನ್ನು ಹೇಳದಿದ್ದರೆ ಮಾತ್ರೆ ನುಂಗಿಸಿ ಕಳಿಸುತ್ತಾರೆ.

ಹಂತ 4: ಮೊದಲ ವಾರ

2021ರಲ್ಲಿ ಚಿಕ್ಕ ಮಕ್ಕಳಿಗೆ ಮೊದಲ ವಾರ ಅರ್ಧ ದಿನವೇ ತರಗತಿ ನಡೆದದ್ದು. ಅದು ಒಳ್ಳೇ ಕ್ರಮ, ಮುಂದೆಯೂ ಹಾಗೇ ಮಾಡಿ. ಮನೆಯಲ್ಲಿ ಬೇಕಾದಾಗ ಎದ್ದು, ಬೇಕಾದಾಗ ತಿಂದು ಅಭ್ಯಾಸವಾದ ಮಗುವಿಗೆ ಪ್ರಾರ್ಥನೆಯಿಂದ ಸಂಜೆ ಬೆಲ್‌ವರೆಗೆ ಕೂರುವುದು ದೊಡ್ಡ ಕೆಲಸ.

ಈ ವಾರದಲ್ಲಿ ಆಗಬೇಕಾದ್ದು ಇಷ್ಟು. ಶೌಚಾಲಯ ಎಲ್ಲಿದೆ, ಹೇಗೆ ಕೇಳಿ ಹೋಗಬೇಕು, ಕೈ ತೊಳೆಯುವ ಸಾಲು ಎಲ್ಲಿ, ತಟ್ಟೆ ಎಲ್ಲಿಡಬೇಕು ಅಂತ ಒಂದು ಮತ್ತು ಎರಡನೇ ತರಗತಿಯವರನ್ನು ಕೈ ಹಿಡಿದು ತೋರಿಸಿ. ದಿನಾ ಒಂದು ಕಥೆ ಹೇಳಿ. ಹಾಡು, ಕುಂಟೆಬಿಲ್ಲೆ, ಬಣ್ಣ. ದಿನಕ್ಕೆ ಹತ್ತು ನಿಮಿಷ ಮಾತ್ರ ಬರವಣಿಗೆ. ಪೆನ್ಸಿಲ್ ಹಿಡಿದು ರೂಢಿಯಿಲ್ಲದ ಬೆರಳು ಎರಡು ಸಾಲಿಗೇ ನೋಯುತ್ತದೆ. ಮಗು ಕೈ ಒದರುತ್ತಿದ್ದರೆ ಸೋಮಾರಿ ಅಂತ ತಿಳಿಯಬೇಡಿ.

‘ರಜೇಲಿ ಏನು ಮಾಡಿದಿರಿ’ ಅಂತ ಎಲ್ಲರ ಮುಂದೆ ಎಬ್ಬಿಸಿ ಕೇಳಬೇಡಿ. ಕೆಲವರ ಮನೆಯಲ್ಲಿ ಸಾವಾಗಿರುತ್ತದೆ, ಕೆಲವರು ಕೂಲಿಗೆ ಹೋಗಿರುತ್ತಾರೆ. ಚಿತ್ರ ಬರೆಯಲು ಕೊಡಿ, ಬರೆಯುತ್ತಿರುವಾಗ ಪಕ್ಕ ಕೂರಿ. ಹೇಳಬೇಕು ಅನಿಸಿದವರು ತಾವೇ ಹೇಳುತ್ತಾರೆ.

ಹಂತ 5: ಒಬ್ಬೊಬ್ಬರಿಗೆ ಐದು ನಿಮಿಷ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಅವಸರದಲ್ಲಿ ಬಿಟ್ಟುಹೋಗುವುದೂ ಇದೇ.

ಪ್ರಶ್ನೆಪತ್ರಿಕೆ ಬೇಡ. ಓದಲು ಬಾರದ ಮಗುವಿಗೆ ಬರವಣಿಗೆ ಪರೀಕ್ಷೆ ಕೊಟ್ಟರೆ ಪಕ್ಕದವರ ಉತ್ತರ ಸಿಗುತ್ತದೆ, ಅಷ್ಟೇ. ಜಗಲಿಯಲ್ಲಿ ಚಾಪೆ ಹಾಕಿ ಮಗುವಿನ ಎದುರಿಗಲ್ಲದೆ ಪಕ್ಕದಲ್ಲಿ ಕೂರಿ. ಉಳಿದವರು ಒಳಗೆ ಬಣ್ಣ ಹಚ್ಚುತ್ತಿರಲಿ. 30 ಮಕ್ಕಳಿಗೆ 5 ನಿಮಿಷದಂತೆ 150 ನಿಮಿಷ, ದಿನಕ್ಕೊಂದು ಗಂಟೆಯಂತೆ ಮೂರು ದಿನ.

ಓದಿಗೆ ಈ ಕ್ರಮದಲ್ಲಿ ಹೋಗಿ. ಮೊದಲು ಹತ್ತು ಅಕ್ಷರ, ವರ್ಣಮಾಲೆಯ ಸಾಲಿನಲ್ಲಿ ಅಲ್ಲ, ಕಲಸಿ. ಸಾಲಿನಲ್ಲಿ ಕೇಳಿದರೆ ಎಷ್ಟೋ ಮಕ್ಕಳು ರಾಗವಾಗಿ ಅ ಆ ಇ ಈ ಒಪ್ಪಿಸಿಬಿಡುತ್ತಾರೆ. ಬೆರಳು ಒಂದು ಅಕ್ಷರದ ಮೇಲೆ, ಬಾಯಿ ಇನ್ನೊಂದರ ಮೇಲೆ ಇರುತ್ತದೆ. ನಡುವಿನಿಂದ ‘ಎ’ ತೋರಿಸಿದರೆ ಸುಮ್ನೆ ಮುಖ ನೋಡುತ್ತಾರೆ. ಆಮೇಲೆ ಗುಣಿತ ಇಲ್ಲದ ಪದಗಳು: ಮರ, ನಗರ, ಕಮಲ ಇಂಥವು (‘ಹಗಲು’ ಬೇಡ, ಅದರಲ್ಲಿ ಕೊಂಬಿದೆ). ಅದಾದ ಮೇಲೆ ಗುಣಿತದ ಪದಗಳು: ಮನೆ, ಗಿಡ, ಕೋಳಿ, ಹೂವು. ನಂತರ ಒತ್ತಕ್ಷರ: ಅಕ್ಕ, ಎಮ್ಮೆ, ಹಣ್ಣು, ಕತ್ತೆ. ಕೊನೆಗೆ ಎರಡು ಸಾಲು: ‘ಅಜ್ಜಿ ಸಂತೆಗೆ ಹೋದಳು. ಎರಡು ಕೆಜಿ ಅಕ್ಕಿ ತಂದಳು.’ ಓದಿದ ಮೇಲೆ ಪುಟ ಮುಚ್ಚಿ, ಅಜ್ಜಿ ಏನು ತಂದಳು ಅಂತ ಕೇಳಿ.

ಎಲ್ಲಿ ನಿಂತಿತೋ ಅದನ್ನು ಮಗುವಿನ ಪುಟದಲ್ಲಿ ಬರೆದುಕೊಳ್ಳಿ. ‘ಕತ್ತೆ’ಯನ್ನು ‘ಕತೆ’ ಅಂತ ಓದಿದರೆ ಆ ಮಗುವಿಗೆ ಅಕ್ಷರ ಗೊತ್ತಿದೆ, ಕಾಗುಣಿತ ಗೊತ್ತಿದೆ, ಒತ್ತು ಮಾತ್ರ ಕಾಣುತ್ತಿಲ್ಲ. ಅದನ್ನು ಮತ್ತೆ ಅ ಆ ಇ ಈಗೆ ಕೂರಿಸಿದರೆ ಒಂದು ತಿಂಗಳು ದಂಡ. ಎಲ್ಲಾ ಪದ ಓದಿ, ಅಜ್ಜಿ ತಂದದ್ದೇನು ಅಂದರೆ ಗೊತ್ತಿಲ್ಲ ಅನ್ನುವ ಮಗುವಿನ ತೊಂದರೆ ಮತ್ತೆ ಬೇರೆ.

ಗಣಿತಕ್ಕೆ: ಹುಣಸೆ ಬೀಜ ಹರಡಿ 17 ಎಣಿಸಿ ಕೊಡಲು ಹೇಳಿ. 38 ದೊಡ್ಡದೋ 83 ದೊಡ್ಡದೋ ಕೇಳಿ. ‘ನೂರ ಎಂಟು’ ಬರೆಯಲು ಹೇಳಿ. 1008 ಅಂತ ಬರೆದರೆ ಸ್ಥಾನಬೆಲೆ ಕೂತಿಲ್ಲ. 27ಕ್ಕೆ 15 ಕೂಡಿಸಲಿ. 42ರಲ್ಲಿ 17 ಕಳೆಯಲಿ. ಇಲ್ಲಿ 35 ಅನ್ನುವ ಉತ್ತರ ಬಹಳ ಬರುತ್ತದೆ. ಎರಡರಲ್ಲಿ ಏಳು ಹೋಗುವುದಿಲ್ಲ ಅಂತ ಮಗು ಏಳರಲ್ಲಿ ಎರಡನ್ನೇ ಕಳೆದುಬಿಟ್ಟಿರುತ್ತದೆ. ಕೆಂಪು ಗೆರೆ ಹಾಕುವ ಬದಲು ‘ಹೇಗೆ ಮಾಡಿದೆ ಹೇಳು’ ಅನ್ನಿ. ಅದರ ವಿವರಣೆಯೇ ನಿಮಗೆ ಬೇಕಾದ ಮಾಹಿತಿ.

ಆನ್‌ಲೈನ್ ಕಾಲದ ನೋಟ್‌ಬುಕ್ ನಂಬಿ ಮೋಸಹೋಗಬೇಡಿ. ಗುಂಡಗೆ ಬರೆದ ಪುಟಗಳಿರುತ್ತವೆ. ಒಂದು ಪುಟ ತೆಗೆದು ‘ನೀನೇ ಬರೆದದ್ದನ್ನ ಓದು’ ಅನ್ನಿ. ಫೋಟೋ ನೋಡಿ ಗೆರೆ ಗೆರೆಯಾಗಿ ನಕಲು ಮಾಡಿದ ಮಗುವಿಗೆ ತನ್ನ ಅಕ್ಷರ ತನಗೇ ಓದಲು ಬರುವುದಿಲ್ಲ. ಕೆಲವು ಪುಸ್ತಕದಲ್ಲಿ ಅಕ್ಕನ ಕೈಬರಹವೂ ಇರುತ್ತದೆ.

ಇಂಗ್ಲಿಷ್ ಮೀಡಿಯಂನಿಂದ ಬಂದವರನ್ನು ಬೇರೆಯಾಗಿ ನೋಡಿ. ಕನ್ನಡ ಓದಲು ಬಾರದ ನಾಲ್ಕನೇ ತರಗತಿಯ ಹುಡುಗ ಗಣಿತದಲ್ಲಿ ಎಲ್ಲರಿಗಿಂತ ಮುಂದಿರಬಹುದು. ಲೆಕ್ಕದ ಪ್ರಶ್ನೆಯನ್ನು ಬಾಯಲ್ಲಿ ಹೇಳಿ ಪರೀಕ್ಷಿಸಿ.

ಈ ಹೊತ್ತಿನಲ್ಲಿ ಮಗುವನ್ನು ತಿದ್ದಬೇಡಿ, ಹೇಳಿಕೊಡಬೇಡಿ. ಸರಿಯೋ ತಪ್ಪೋ, ‘ಹ್ಞೂಂ, ಮುಂದೆ’ ಅಂತಲೇ ಹೋಗಿ. ಟೀಚರಿಗೆ ಇದಕ್ಕಿಂತ ಕಷ್ಟದ ಕೆಲಸ ಬೇರೆ ಇಲ್ಲ.

ಹಂತ 6: ತರಗತಿ ಮರೆತು ಗುಂಪು ಮಾಡಿ

ಪುಟಗಳನ್ನು ಹರಡಿ ನೋಡಿದರೆ ನಾಲ್ಕು ಗುಂಪು ತಾನಾಗೇ ಕಾಣುತ್ತದೆ: ಅಕ್ಷರದವರು, ಗುಣಿತದವರು, ಒತ್ತಕ್ಷರದವರು, ಓದುವವರು. ನಾಲ್ಕನೇ ತರಗತಿಯವರು ಕೆಲವರು ಎರಡನೇ ತರಗತಿಯವರ ಜೊತೆ ಕೂರಬೇಕಾಗುತ್ತದೆ. ನಲಿ-ಕಲಿ ನಡೆಸಿದವರಿಗೆ ಇದು ಹೊಸದಲ್ಲ. 1ರಿಂದ 3ನೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಅವರವರ ಏಣಿಯಲ್ಲಿ ಹತ್ತಿಸುವುದು ನಮಗೆ ಗೊತ್ತೇ ಇದೆ. ಅದನ್ನು ಐದನೇ ತರಗತಿವರೆಗೂ ಎಳೆಯಬೇಕು, ಅಷ್ಟೇ.

ಇದಕ್ಕೆ ಬೆಳಗಿನ 90 ನಿಮಿಷ ಕೊಡಿ. ಮೊದಲ 15 ನಿಮಿಷ ಎಲ್ಲರೂ ಒಟ್ಟಿಗೆ ಕಥೆ ಕೇಳುವುದು. ನಂತರ 35 ನಿಮಿಷ ಟೀಚರ್ ಜೊತೆ, 20 ನಿಮಿಷ ಜೋಡಿಯಲ್ಲಿ ಅಭ್ಯಾಸ, 20 ನಿಮಿಷ ಬರವಣಿಗೆ. ಇಬ್ಬರೇ ಟೀಚರ್ ಇದ್ದರೆ ಒಬ್ಬೊಬ್ಬರಿಗೆ ಎರಡು ಗುಂಪು. ಒಂದು ಗುಂಪು ಟೀಚರ್ ಜೊತೆ ಇದ್ದಾಗ ಇನ್ನೊಂದು ಅಭ್ಯಾಸ, ಬರವಣಿಗೆಯಲ್ಲಿರಲಿ. ಏಕೋಪಾಧ್ಯಾಯ ಶಾಲೆಯಲ್ಲಿ ನಾಲ್ಕೂ ಗುಂಪು ದಿನಾ ಆಗುವುದಿಲ್ಲ. ಅಕ್ಷರ, ಗುಣಿತದವರಿಗೆ ದಿನಾ ಕೂರಿ, ಉಳಿದವರಿಗೆ ದಿನ ಬಿಟ್ಟು ದಿನ.

ಗಣಿತಕ್ಕೆ ಮಧ್ಯಾಹ್ನ ಬೇರೆ ಗುಂಪು. ಓದಿನಲ್ಲಿ ಹಿಂದಿರುವವರೇ ಲೆಕ್ಕದಲ್ಲೂ ಹಿಂದಿರಬೇಕು ಅಂತೇನಿಲ್ಲ. 42ರಲ್ಲಿ 17 ಕಳೆಯಲು ಬಾರದವರಿಗೆ ಬೋರ್ಡಿನ ಮೇಲೆ ‘ಪಕ್ಕದಿಂದ ಸಾಲ’ ಅಂತ ಎಷ್ಟು ಹೇಳಿದರೂ ಇಳಿಯುವುದಿಲ್ಲ. ಹತ್ತರ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಮಗುವಿನ ಕೈಗೆ ಕೊಟ್ಟು, ‘ನನಗೆ 17 ಕೊಡು’ ಅನ್ನಿ. ಒಂದು ಕಟ್ಟು ಕೊಡುತ್ತದೆ, ಎರಡು ಬಿಡಿ ಕಡ್ಡಿ ಕೊಡುತ್ತದೆ, ಆಮೇಲೆ ನಿಂತುಬಿಡುತ್ತದೆ. ಇನ್ನೂ ಐದು ಬೇಕಲ್ಲ! ಬಾಯಿ ಬಿಡಬೇಡಿ, ಕಾಯಿರಿ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಇನ್ನೊಂದು ಕಟ್ಟಿನ ದಾರಕ್ಕೆ ಹೋಗುತ್ತದೆ. ನಾಲ್ಕೈದು ದಿನ ಕಟ್ಟು ಬಿಚ್ಚಿದ ಮೇಲೆ ಅದೇ ಲೆಕ್ಕವನ್ನು ಸ್ಲೇಟಿಗೆ ತನ್ನಿ.

ಗುಂಪಿಗೆ ಗಿಳಿ, ನವಿಲು ಅಂತ ಹೆಸರಿಡುತ್ತಾರೆ. ಯಾವುದು ಹಿಂದಿನ ಗುಂಪು ಅಂತ ಮಕ್ಕಳು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾರೆ, ಆ ಹೆಸರಿನಿಂದ ಏನೂ ಮುಚ್ಚುವುದಿಲ್ಲ. ಮಕ್ಕಳಿಗೆ ಧೈರ್ಯ ಬರುವುದು ಗುಂಪು ಬದಲಾಗುವುದನ್ನು ಕಣ್ಣಾರೆ ಕಂಡಾಗ. ಎರಡು ವಾರಕ್ಕೊಮ್ಮೆ ಐದು ನಿಮಿಷದ ಪರೀಕ್ಷೆ ಮತ್ತೆ ಮಾಡಿ, ದಾಟಿದವರನ್ನು ಅವತ್ತೇ ಮುಂದಿನ ಗುಂಪಿಗೆ ಕಳಿಸಿ. ಒಂದು ತಿಂಗಳಾದರೂ ಗುಂಪಿನಿಂದ ಯಾರೂ ದಾಟಿಲ್ಲ ಅಂದರೆ ತೊಂದರೆ ಮಕ್ಕಳದ್ದಲ್ಲ, ಅಲ್ಲಿ ನಡೆಯುತ್ತಿರುವ ಅಭ್ಯಾಸದ್ದು.

ಹಂತ 7: ಪುಸ್ತಕಕ್ಕೆ ಬನ್ನಿ

ಓದುವ ಗುಂಪಿನವರು ಮೂರನೇ ವಾರದಿಂದಲೇ ಮಧ್ಯಾಹ್ನದ ಹೊತ್ತು ತಮ್ಮ ತರಗತಿಯ ಪುಸ್ತಕ ತೆಗೆಯಬಹುದು. ಉಳಿದವರಿಗೆ ಅದೇ ಪಾಠವನ್ನು ಓದಿ ಹೇಳಿ, ಮಾತಾಡಿಸಿ, ಬರೆಸಬೇಡಿ. ಪರಿಸರ ಅಧ್ಯಯನಕ್ಕಂತೂ ಇದು ಚೆನ್ನಾಗಿ ಹೊಂದುತ್ತದೆ. ಓದಲು ಬಾರದ ಮಗುವಿಗೆ ಕೆರೆಯ ಬಗ್ಗೆ ಮಾತಾಡಲು ಏನೂ ತೊಂದರೆ ಇಲ್ಲ.

ಉಳಿದಿರುವ ದಿನಗಳಲ್ಲಿ ಎಲ್ಲಾ ಪಾಠ ಆಗುವುದಿಲ್ಲ ಅಂತ ಮೊದಲೇ ಒಪ್ಪಿಕೊಳ್ಳಿ. ಪರಿವಿಡಿ ತೆಗೆದು ಮೂರು ಗುರುತು ಹಾಕಿ: ಮುಂದಿನ ತರಗತಿಗೆ ಬೇಕೇ ಬೇಕಾದ್ದು, ಎರಡು ಸೇರಿಸಿ ಒಂದೇ ಮಾಡಬಹುದಾದ್ದು, ಈ ವರ್ಷ ಬಿಡಬಹುದಾದ್ದು. ಗಣಿತದಲ್ಲಿ ಸ್ಥಾನಬೆಲೆ, ಕೂಡುವುದು, ಕಳೆಯುವುದು, ಗುಣಾಕಾರ ಮೊದಲ ಗುರುತಿಗೆ ಬರಲೇಬೇಕು. ಇಲಾಖೆಯಿಂದ ಆದೇಶ ಇದ್ದರೆ ಅದನ್ನೇ ನೋಡಿ. ಇಲ್ಲದಿದ್ದರೆ ನಿಮ್ಮ ಪಟ್ಟಿಗೆ ಸಿಆರ್‌ಪಿಯ ಸಹಿ ಹಾಕಿಸಿಟ್ಟುಕೊಳ್ಳಿ, ನಾಳೆ ತಪಾಸಣೆಗೆ ಬಂದವರಿಗೆ ತೋರಿಸಲು.

2022-23ರಲ್ಲಿ ರಾಜ್ಯದಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು. ಮೇ 16ಕ್ಕೇ ಶಾಲೆ ತೆರೆದು, ಹಿಂದಿನ ತರಗತಿಗಳಲ್ಲಿ ತಪ್ಪಿಹೋದದ್ದನ್ನೂ ಸೇರಿಸಿ ಕಲಿಕಾ ಹಾಳೆಗಳನ್ನು ಕೊಟ್ಟರು. ಒಂದು ಇಡೀ ವರ್ಷ ಅದಕ್ಕೇ ಅಂತ ಬಿಟ್ಟುಕೊಟ್ಟದ್ದು ನನ್ನ ಮಟ್ಟಿಗೆ ಸರಿಯಾದ ತೀರ್ಮಾನ. ಎಡವಟ್ಟಾಗುವುದು ಹಾಳೆ ತುಂಬಿಸುವುದೇ ಗುರಿಯಾದಾಗ. ಟೀಚರ್ ಬೋರ್ಡಿನ ಮೇಲೆ ಉತ್ತರ ಬರೆಯುತ್ತಾರೆ, ಮಕ್ಕಳು ಇಳಿಸಿಕೊಳ್ಳುತ್ತಾರೆ, ಫೈಲು ದಪ್ಪವಾಗುತ್ತದೆ. ಯಾವ ಹಾಳೆಯೇ ಇರಲಿ, ಅದನ್ನು ತುಂಬಿದ ಮಗುವಿಗೆ ಮಾರನೇ ದಿನ ಅದೇ ತರಹದ ಒಂದು ಪ್ರಶ್ನೆ ಬಾಯಲ್ಲಿ ಕೇಳಿ ನೋಡಿ.

ಹಂತ 8: ಅಪಾಯದ ಗುರುತುಗಳು

ಎರಡನೇ ವಾರದಿಂದ ಹಾಜರಿ ಪುಸ್ತಕವನ್ನು ಅಡ್ಡ ಸಾಲಿನಲ್ಲೂ ಓದಿ. ಒಟ್ಟು ಶೇಕಡಾವಾರು ಚೆನ್ನಾಗಿಯೇ ಇರುತ್ತದೆ. ಅದರೊಳಗೆ ಒಬ್ಬ ಹುಡುಗ ಪ್ರತಿ ಸಂತೆಯ ದಿನ ಇರುವುದಿಲ್ಲ, ಒಬ್ಬಳು ಊಟದ ಬೆಲ್ ಆದ ಮೇಲೆ ಕಾಣುವುದಿಲ್ಲ. ಸತತ ಮೂರು ದಿನ ಬಾರದಿದ್ದರೆ ನಾಲ್ಕನೇ ದಿನ ಯಾರಾದರೂ ಮನೆಗೆ ಹೋಗಲೇಬೇಕು. ವಾರ ಬಿಟ್ಟು ಹೋದರೆ ಮಗು ಕೆಲಸಕ್ಕೆ ಹೊಂದಿಕೊಂಡಿರುತ್ತದೆ, ಮನೆಯವರು ಆ ದುಡ್ಡಿಗೆ ಹೊಂದಿಕೊಂಡಿರುತ್ತಾರೆ.

ಬೋರ್ಡು ನೋಡಲು ಕಣ್ಣು ಕಿರಿದು ಮಾಡುವ ಮಗುವನ್ನು ಮುಂದೆ ಕೂರಿಸಿ, ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಬಂದಾಗ ಮೊದಲು ತೋರಿಸಿ. ಬಹಳ ದಿನ ಯಾರೂ ಅವರ ಕಣ್ಣು, ಕಿವಿ, ಹಲ್ಲು ನೋಡಿರುವುದಿಲ್ಲ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳು ಮಾತ್ರೆ ತಪ್ಪಿದ್ದರೆ ಮುಂದಿನ ಸುತ್ತು ಯಾವಾಗ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಊಟಕ್ಕೆ ಮೊದಲು ತಲೆಸುತ್ತು ಅನ್ನುವ ಮಗು ಬೆಳಗ್ಗೆ ಏನು ತಿಂದು ಬಂದಿದೆ ವಿಚಾರಿಸಿ. ಹಾಲು ಕೊಡುವ ದಿನ ಅದನ್ನು ಪ್ರಾರ್ಥನೆ ಆದ ಕೂಡಲೇ ಕೊಡಿ, ಮುಂದೂಡಬೇಡಿ.

ಇನ್ನು ಕೆಲವು ಗುರುತುಗಳಿಗೆ ಪಾಠದಲ್ಲಿ ಮದ್ದಿಲ್ಲ. ಮುಂಚೆ ಮಾತಾಡುತ್ತಿದ್ದ ಮಗು ಪೂರ್ತಿ ಮೌನ, ಮೈಮೇಲೆ ಏಟಿನ ಗುರುತು, ಮನೆಗೆ ಹೋಗಲು ಹಿಂಜರಿಕೆ, ಐದನೇ ತರಗತಿ ದಾಟಿದ ಹುಡುಗಿಯ ಮದುವೆ ಮಾತು. ಇಂಥದ್ದು ಕಂಡರೆ ಸ್ಟಾಫ್ ರೂಮಿನಲ್ಲಿ ಚರ್ಚೆ ಬೇಡ. ಹೆಡ್‌ಮಾಸ್ತರಿಗೆ ತಿಳಿಸಿ, 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಇರುತ್ತದೆ.

ಟೀಚರ್‌ಗಳಲ್ಲೂ ಒಂದು ಗುರುತು ನೋಡಿ. ‘ಇವರಿಗೆ ಏನೂ ಬರಲ್ಲ’ ಅನ್ನುವ ಮಾತು ಪದೇ ಪದೇ ಕೇಳಿಬಂದರೆ ಹಂತ 5 ಸರಿಯಾಗಿ ಆಗಿಲ್ಲ ಅಂತ ಅರ್ಥ. ಆ ಐದು ನಿಮಿಷ ಕೂತು ನೋಡಿದವರು ‘ಒತ್ತಕ್ಷರ ಬರಲ್ಲ’ ಅನ್ನುತ್ತಾರೆ, ‘ಏನೂ ಬರಲ್ಲ’ ಅನ್ನುವುದಿಲ್ಲ.

ಹಂತ 9: ಫೋನನ್ನು ಏನು ಮಾಡುವುದು

ವಾಟ್ಸಾಪ್ ಗ್ರೂಪ್ ಇರಲಿ, ಹೋಮ್‌ವರ್ಕ್ ನಿಲ್ಲಿಸಿ. ಅದು ಇನ್ನು ಮೇಲೆ ರಜೆ, ಸಭೆ, ಲಸಿಕೆಯ ವಿಷಯಕ್ಕೆ ಮಾತ್ರ. ಮನೆಗೆಲಸ ಕೊಡುವುದಾದರೆ ಫೋನ್ ಇಲ್ಲದೆ ಮಾಡುವಂಥದ್ದು ಕೊಡಿ: ಮನೆಯಲ್ಲಿರುವ ಪೊಟ್ಟಣಗಳ ಮೇಲಿನ ಐದು ಹೆಸರು ಓದಿ ಬಾ, ಅಜ್ಜಿಯ ಹತ್ತಿರ ಒಂದು ಒಗಟು ಕೇಳಿ ಬಾ.

ಫೋನ್ ಬಿಟ್ಟಿರಲಾರದೆ ಹಟ ಮಾಡುವ ಮಕ್ಕಳ ಬಗ್ಗೆ ಪೋಷಕರು ಬಂದು ಹೇಳುತ್ತಾರೆ. ಕಿತ್ತುಕೊಳ್ಳಿ ಅನ್ನಬೇಡಿ, ಹೊತ್ತು ಗೊತ್ತುಮಾಡಿ ಅನ್ನಿ. ಊಟದ ಹೊತ್ತು ಬೇಡ, ಮಲಗುವ ಒಂದು ಗಂಟೆ ಮುಂಚೆ ಬೇಡ. ಈ ಎರಡು ಪಾಲಿಸಿದರೂ ಬೆಳಗ್ಗೆ ಪ್ರಾರ್ಥನೆಯಲ್ಲಿ ಆಕಳಿಸುವವರು ಕಡಿಮೆಯಾಗುತ್ತಾರೆ.

ಹಂತ 10: ವರ್ಷದ ಕೊನೆಯಲ್ಲಿ

ಮಾರ್ಚ್ ಕೊನೆಯ ವಾರ ಐದು ನಿಮಿಷದ ಪರೀಕ್ಷೆಯನ್ನು ಕೊನೆಯದಾಗಿ ಮಾಡಿ, ಮೊದಲ ಸಲದ್ದರ ಪಕ್ಕದಲ್ಲೇ ಬರೆಯಿರಿ. ಅಂಕಪಟ್ಟಿ ಕೊಡುವ ದಿನ ಪೋಷಕರಿಗೆ ಆ ಪುಟ ತೋರಿಸಿ, ಮಗುವಿನ ಕೈಯಲ್ಲೇ ನಾಲ್ಕು ಸಾಲು ಓದಿಸಿ. ಬೇಸಿಗೆ ರಜೆಯಲ್ಲಿ ಮತ್ತೆ ಒಂದಿಷ್ಟು ಮರೆಯುತ್ತಾರೆ, ಅದಕ್ಕೆ ಗ್ರಂಥಾಲಯದಿಂದ ಒಬ್ಬೊಬ್ಬರಿಗೆ ಎರಡು ಕಥೆ ಪುಸ್ತಕ ಬರೆದುಕೊಂಡು ಕೊಟ್ಟು ಕಳಿಸಿ. ಹರಿದು ಬಂದರೂ ಚಿಂತೆಯಿಲ್ಲ. ಐದನೇ ತರಗತಿ ಮುಗಿಸಿ ಬೇರೆ ಶಾಲೆಗೆ ಹೋಗುವವರ ಪುಟವನ್ನು ನಕಲು ತೆಗೆದು ಟಿಸಿ ಜೊತೆ ಲಗತ್ತಿಸಿ. ನೋಟ್‌ಬುಕ್ ಮಾತ್ರ ಶಾಲೆಯ ಬೀರುವಿನಲ್ಲೇ ಇರಬೇಕು. ಜೂನ್‌ನಲ್ಲಿ ಯಾರು ಆ ತರಗತಿಗೆ ಬರುತ್ತಾರೋ ಅವರ ಕೈಗೆ ಹಾಜರಿ ಪುಸ್ತಕಕ್ಕಿಂತ ಮೊದಲು ಅದನ್ನು ಕೊಡಿ.